ಸೈನ್ಯ ಕಂಡವರು ಯಾರೂ ರಕ್ಷಣಾ ಸಚಿವರಾಗಿಲ್ಲವೇ?

‘ಸ್ವಾತಂತ್ರ್ಯ ಬಂದಾಗಿನಿಂದ ಸಮವಸ್ತ್ರ ತೊಟ್ಟ ಒಬ್ಬರೂ ಭಾರತದ ರಕ್ಷಣಾ ಸಚಿವರಾಗಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ತಲೆ ಎತ್ತುತ್ತದೆ. ಇದು ಸುಳ್ಳು. ಜಸ್ವಂತ್ ಸಿಂಗ್ ಅವರ ಹೆಸರೊಂದೇ ಸಾಕು.

ರಾಜಸ್ಥಾನದ ಬಾಡಮೇರ್ ಸೀಮೆಯ ಜಸೋಲ್‌ನಲ್ಲಿ 1938ರಲ್ಲಿ ಹುಟ್ಟಿದ ಅವರು 1957ರಲ್ಲಿ ಸೇನೆ ಸೇರಿದರು. ಮೇಜರ್ ಆಗಿದ್ದಾಗ 1966ರಲ್ಲಿ ರಾಜೀನಾಮೆ ಕೊಟ್ಟು ರಾಜಕೀಯಕ್ಕೆ ಬಂದರು. 2001ರ ಮಾರ್ಚ್‌ನಲ್ಲಿ, ರಕ್ಷಣಾ ಖರೀದಿಯಲ್ಲಿನ ಲಂಚವನ್ನು ಸುದ್ದಿತಾಣವೊಂದು ರಹಸ್ಯ ಕಾರ್ಯಾಚರಣೆಯಲ್ಲಿ ಬಯಲಿಗೆಳೆದ ತೆಹಲ್ಕಾ ಪ್ರಕರಣದಿಂದಾಗಿ, ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಖಾತೆ ಬಿಟ್ಟರು. ಆಗ ವಾಜಪೇಯಿ ಅದನ್ನು ವಹಿಸಿದ್ದು ವಿದೇಶಾಂಗ ಸಚಿವರಾಗಿದ್ದ ಜಸ್ವಂತ್ ಅವರಿಗೆ. ಅಕ್ಟೋಬರ್‌ನಲ್ಲಿ ಫರ್ನಾಂಡಿಸ್ ಮರಳಿದರು. ಜಸ್ವಂತ್ ಅವರದು ಹೆಚ್ಚುವರಿ ಹೊಣೆ, ಅದೂ ಕೆಲವೇ ತಿಂಗಳು, ನಿಜ. ಆದರೆ ‘ಒಬ್ಬರೂ ಇಲ್ಲ’ ಎನ್ನುವ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಮುಂದೆ ಅವರು ಹಣಕಾಸು ಖಾತೆಯನ್ನೂ ನೋಡಿಕೊಂಡರು.

ಇದೇ ಸಂದೇಶದ ಬಾಲದಲ್ಲಿ ‘ಸೈನಿಕರಾಗಿದ್ದರೆ ಜನ ಕಣ್ಣು ಮುಚ್ಚಿ ಗೆಲ್ಲಿಸುತ್ತಾರೆ’ ಎಂದೂ ಇರುತ್ತದೆ. 2014ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಜಸ್ವಂತ್ ತವರಿನ ಬಾಡಮೇರ್‌ನಲ್ಲೇ ಪಕ್ಷೇತರರಾಗಿ ನಿಂತು ಸೋತರು. ಗೆದ್ದವರು ಬಿಜೆಪಿಯ ಸೋನಾರಾಮ್ ಚೌಧರಿ. ತಮಾಷೆಯೆಂದರೆ ಅವರೂ ಮಾಜಿ ಸೈನಿಕರು, ಕರ್ನಲ್! ಉತ್ತರಾಖಂಡದಲ್ಲಿ ನಿವೃತ್ತ ಮೇಜರ್ ಜನರಲ್ ಬಿ.ಸಿ. ಖಂಡೂರಿ 2012ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಕೋಟ್‌ದ್ವಾರ ಕ್ಷೇತ್ರದಲ್ಲಿ ಸೋತಿದ್ದರು.