ಸವ್ಯಸಾಚಿ ಅಂದರೆ ಎಡಚ ಅಲ್ಲ
ಎಡಗೈ ಮಕ್ಕಳ ಬಗ್ಗೆ ಬಂದ ಲೇಖನ ಓದಿದೆ, ಚೆನ್ನಾಗಿದೆ. ಆದರೆ ಅದರಲ್ಲಿ ಎಡಗೈಯಲ್ಲಿ ಬರೆಯುವ ಮಕ್ಕಳನ್ನು ‘ಸವ್ಯಸಾಚಿಗಳು’ ಎಂದು ಕರೆದದ್ದು ಯಾಕೋ ಸರಿಹೋಗಲಿಲ್ಲ. ಅವರು ಎಡಚರು, ಅಷ್ಟೇ. ಸವ್ಯ ಅಂದರೆ ಎಡ, ಹೌದು. ಸವ್ಯಸಾಚಿ ಎಡಗೈಯಿಂದಲೂ ಬಾಣ ಬಿಡಬಲ್ಲವನು. ಆ ‘ಲೂ’ ಮುಖ್ಯ. ವಿರಾಟಪರ್ವದಲ್ಲಿ ಉತ್ತರನಿಗೆ ತನ್ನ ಹತ್ತು ಹೆಸರು ಬಿಡಿಸಿ ಹೇಳುವಾಗ ಅರ್ಜುನ, ಗಾಂಡೀವ ಸೆಳೆಯಲು ನನಗೆ ಎರಡೂ ಬಲಗೈಗಳೇ ಅನ್ನುತ್ತಾನೆ. ನಮ್ಮ ಉಡುಪಿ ಕಡೆಯ ತಾಳಮದ್ದಳೆಗೆ (ವೇಷ, ಕುಣಿತವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಬಂದು ಕೂತರೆ ಒಂದೊಂದು ಹೆಸರಿಗೂ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ನೋಡಬೇಕು!

ಯಕ್ಷಗಾನದ ತೆಂಕು, ಬಡಗು ಶೈಲಿ ಎರಡರಲ್ಲೂ ಕುಣಿಯುವವರನ್ನು ‘ಸವ್ಯಸಾಚಿ ಕಲಾವಿದ’ ಅನ್ನುತ್ತಾರಲ್ಲ, ಅದು ಒಪ್ಪುವ ಬಳಕೆ. ನಾಲ್ಕೈದು ವಿದ್ಯೆ ಬಲ್ಲವರಿಗೆಲ್ಲ ಅದನ್ನೇ ಅಂಟಿಸುವುದು ಸ್ವಲ್ಪ ಹೆಚ್ಚಾಯಿತು. ಈಗ ರೂಢಿಯಾಗಿದೆ, ಬಿಡಿ.

ಇನ್ನೊಂದು ತಮಾಷೆ. ಜನಿವಾರ ಎಡ ಹೆಗಲ ಮೇಲಿದ್ದರೆ ಸವ್ಯ. ಶ್ರಾದ್ಧದಲ್ಲಿ ಪಿತೃಕಾರ್ಯಕ್ಕೆ ಬಲ ಹೆಗಲಿಗೆ ಬದಲಾಯಿಸಿದರೆ ಅಪಸವ್ಯ. ಅಂದರೆ ಅಪಸವ್ಯ ನಿಜಕ್ಕೂ ಬಲಗಡೆಯದ್ದು. ಪೇಪರಿನಲ್ಲಿ ಮಾತ್ರ ಎಡವಟ್ಟುಗಳೆಲ್ಲ ‘ಆಡಳಿತದ ಅಪಸವ್ಯ’!

ಅಂದ ಹಾಗೆ, ಊಟದ ಪಂಕ್ತಿಯಲ್ಲಿ ಎಡಚ ಮಕ್ಕಳ ಕೈಗೆ ಪಟ್ ಅಂತ ಹೊಡೆದು ‘ಬಲಗೈ, ಬಲಗೈ’ ಅನ್ನುವ ಅಜ್ಜಂದಿರು ಇನ್ನೂ ಇದ್ದಾರೆ. ಆ ಮಕ್ಕಳು ದೊಡ್ಡವರಾಗಿ ಬಲಗೈಯಲ್ಲಿ ಸಾರನ್ನ ಕಲಸುತ್ತಾರೆ, ಎಡಗೈಯಲ್ಲಿ ಚೆಕ್ಕಿಗೆ ಸಹಿ ಹಾಕುತ್ತಾರೆ. ಅವರಿಗೆ ಸವ್ಯಸಾಚಿ ಅನ್ನುವುದಾದರೆ ನನ್ನ ತಕರಾರಿಲ್ಲ.