ಭೋಜನದ ಹಿಂದಿನ ಶನಿವಾರ

ಕೋಲಾರದ ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರಕ್ಕಿಂತ ಅದರ ಹಿಂದಿನ ಶನಿವಾರವೇ ದೊಡ್ಡ ದಿನ. ಮಾರನೇ ದಿನ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಅಪ್ಪ ಟೊಮೆಟೊ ಮಂಡಿಯಲ್ಲಿ ರೈಟರ್ ಆಗಿದ್ದರು. ಸಂಜೆ ಬಂದು ಕೈಕಾಲು ತೊಳೆದು, ಯಾರಿಗೆ ದುಡ್ಡು ಕೊಡಬೇಕು, ಯಾರ ಜೊತೆ ಮಾತು ಕೆಟ್ಟಿದೆ ಅಂತ ಯೋಚಿಸುತ್ತಾ ಕೂರುತ್ತಿದ್ದರು.

ಒಂದು ಸಲ ಬದುವಿನ ವಿಚಾರಕ್ಕೆ ದೊಡ್ಡಪ್ಪನ ಜೊತೆ ಜಗಳವಾಯಿತು. ಎಂಟು ತಿಂಗಳು ಮಾತಿಲ್ಲ. ಆ ಎಂಟು ತಿಂಗಳೂ ಅಪ್ಪ ಭೋಜನಕ್ಕೆ ಎದ್ದು ಹೋಗಲಿಲ್ಲ, ಬೆಂಚಿನಲ್ಲೇ ಕೂತಿದ್ದರು. ಇಡೀ ಸಭೆ ನೋಡುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು. ಕೊನೆಗೆ ಒಂದು ಶನಿವಾರ ರಾತ್ರಿ ಟಾರ್ಚ್ ಹಿಡಿದು ಹೊರಟರು. ವಾಪಸ್ ಬಂದಾಗ ಹತ್ತು ಗಂಟೆ. ಅಮ್ಮ ತಟ್ಟೆ ಇಟ್ಟರೆ, "ಬೇಡ, ಅಣ್ಣನ ಮನೇಲೇ ಊಟ ಆಯ್ತು" ಅಂದರು. ಅಷ್ಟೇ.

ಕಾಣಿಕೆ ತಂದವನಿಗೆ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗಲಿ ಎಂದು ಯೇಸು ಹೇಳಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ನಾನು ಅದನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ಆ ಟಾರ್ಚಿನ ಬೆಳಕಿನಲ್ಲಿ.

ಈಗ ನಾನಿರುವುದು ದುಬೈಯಲ್ಲಿ. ಇಲ್ಲಿನ ಭಕ್ತಿಯನ್ನು ಹಗುರ ಅನ್ನಲಾರೆ. ಮೊದಲು ನಮ್ಮ ಆರಾಧನೆ ಶುಕ್ರವಾರ ಇರುತ್ತಿತ್ತು. 2022ರಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂದ ಮೇಲೆ ಭಾನುವಾರವಾಯಿತು. ಜೆಬೆಲ್ ಅಲಿಯಲ್ಲಿ ಕಥೋಲಿಕರು, ಮಾರ್ ಥೋಮದವರು, ಆಂಗ್ಲಿಕನ್ನರು ಎಲ್ಲರ ಚರ್ಚುಗಳೂ ಅಕ್ಕಪಕ್ಕ. ಮಲಯಾಳಂ ಹಾಡು ಮುಗಿಯುವ ಹೊತ್ತಿಗೆ ತಮಿಳು ಹಾಡು ಕೇಳಿಸುತ್ತದೆ. ಮ್ಯಾನೇಜರ್ ಪಕ್ಕದಲ್ಲೇ ಕ್ಲೀನಿಂಗ್ ಕೆಲಸದವನು ಕೂರುತ್ತಾನೆ. ಊರಿನಲ್ಲಿ 'ನಮ್ಮ ಮನೆಯವರ ಬೆಂಚು' ಅಂತ ಹಿಡಿದು ಕೂತವರಲ್ಲಿ ನಾವೂ ಒಬ್ಬರು. ಅದು ಸರಿಯಿರಲಿಲ್ಲ.

ಆದರೆ ಇಲ್ಲಿ ಶನಿವಾರ ಇಲ್ಲ. ಹಾಡು, ಉಪವಾಸ ಪ್ರಾರ್ಥನೆ, ಬೆಳಿಗ್ಗೆ ಎದ್ದರೆ ಫೋನಿನಲ್ಲಿ ವಚನ, ಎಲ್ಲ ಜಾಸ್ತಿಯೇ ಇದೆ. ನೀನು ಯಾರ ಜೊತೆ ಮಾತು ಬಿಟ್ಟಿದ್ದೀಯ ಅಂತ ಕೇಳುವವರಿಲ್ಲ. ಊರಿನಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು, ಅದೇ ಒಂದು ಕಾವಲು. ಇಲ್ಲಿ ನನ್ನ ವಾರ ಹೇಗಿತ್ತು ಅನ್ನುವುದು ನನಗೊಬ್ಬನಿಗೇ ಗೊತ್ತು.

ನಮ್ಮದು ಮೆಥಡಿಸ್ಟ್ ಮನೆತನ. ಈ ಪಂಗಡವನ್ನು ಇಂಗ್ಲೆಂಡಿನಲ್ಲಿ ಶುರು ಮಾಡಿದ ಜಾನ್ ವೆಸ್ಲಿಯ ಕಾಲದ ಒಂದು ಪದ್ಧತಿ ನೆನಪಾಗುತ್ತದೆ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಚಾಪೆಲ್ಲಿನ ಸಾಲ ತೀರಿಸಬೇಕಿತ್ತು. ಸುಮಾರು ಹನ್ನೆರಡು ಜನಕ್ಕೆ ಒಬ್ಬ ನಾಯಕ, ವಾರಕ್ಕೆ ತಲೆಗೊಂದು ಪೆನ್ನಿ. ವಸೂಲಿಗೆ ಮನೆಮನೆಗೆ ಹೋದಾಗ ಜನ ಹೇಗೆ ಬದುಕುತ್ತಿದ್ದಾರೆ ಅಂತ ಕಣ್ಣಿಗೆ ಬಿತ್ತು. ಸಾಲದ ಲೆಕ್ಕ ಹೋಗಿ ಆತ್ಮದ ಲೆಕ್ಕ ಕೇಳುವ ಗುಂಪುಗಳಾದವು. ಹೊರನಾಡಿನಲ್ಲಿರುವ ನಮಗೆ ಇನ್ನೊಂದು ದೊಡ್ಡ ಕೂಟಕ್ಕಿಂತ ಇದೇ ಬೇಕು ಅನಿಸುತ್ತದೆ. ನಾಲ್ಕು ಜನ ಸಾಕು. ಸುಮ್ನೆ ಕೂತು, ಈ ವಾರ ಆಫೀಸಿನಲ್ಲಿ, ಮನೆಯಲ್ಲಿ, ದುಡ್ಡಿನಲ್ಲಿ ಹೇಗೆ ನಡೆದುಕೊಂಡೆ ಅಂತ ನಿಜ ಹೇಳಿದರೆ ಸಾಕು.

ನಾವು ಮೂವರು ಗುರುವಾರ ರಾತ್ರಿ ಹಾಗೆ ಕೂರಲು ಶುರು ಮಾಡಿದ್ದೇವೆ. ಎರಡನೇ ವಾರವೇ ನನ್ನ ಬಾಯಿಂದ ಒಂದು ವಿಷಯ ಬಂತು. ಒಂದು ರಿಪೋರ್ಟ್ ತಡವಾಗಿದ್ದು ನನ್ನಿಂದ, ತಪ್ಪನ್ನು ಹೊರಿಸಿದ್ದು ನಮ್ಮ ಡ್ರೈವರ್ ಮೇಲೆ. ಅವನ ಒಂದು ದಿನದ ಸಂಬಳ ಹೋಗಿತ್ತು. "ಹೇಳಿದ್ಯಾ ಅವನಿಗೆ?" ಅಂತ ಗೆಳೆಯ ಕೇಳಿದ. ಇಲ್ಲ.

ಹೋದ ಭಾನುವಾರ ಭೋಜನಕ್ಕೆ ನಾನು ಏಳಲಿಲ್ಲ. ಡ್ರೈವರ್‌ಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವನ ರೂಮು ಕಾರ್ಮಿಕರ ಕ್ಯಾಂಪುಗಳಿರುವ ಸೋನಾಪುರದಲ್ಲಿದೆ. ಈ ಶನಿವಾರ ಸಂಜೆ ಹೋಗುತ್ತೇನೆ.