ನಲವತ್ತು ನಿಮಿಷ ಉದ್ದದ ರಸ್ತೆ

ಮೂರನೇ ಕ್ಲಾಸಿನ ಮಗಳಿಗೆ ಹೋಮ್‌ವರ್ಕ್: 'ಸರಿಯಾದ ಅಳತೆ ಆರಿಸಿ.' ಪೆನ್ಸಿಲ್ಲಿಗೆ ಸೆಂಟಿಮೀಟರ್, ಬಾಗಿಲಿಗೆ ಮೀಟರ್, ದೂರಕ್ಕೆ ಕಿಲೋಮೀಟರ್. ಸುಲಭ ಅಲ್ವಾ? ಬೆಂಗಳೂರು ಬಿಟ್ಟು ಬೇರೆಲ್ಲಾದರೂ ಇದ್ದಿದ್ದರೆ ಸುಲಭವೇ.

"ಅಪ್ಪಾ, ನಮ್ಮ ಬಾಗಿಲು ಎಷ್ಟು ಮೀಟರ್?"

ನನಗೆ ಗೊತ್ತಿರೋದು ಏಳು ಅಡಿ. ಸೈಟು ತರ್ಟಿ ಫಾರ್ಟಿ. ಕಟ್ಟಿದ್ದು ಹತ್ತು ಚದರ. ಚದರ ಅಂದರೆ ನೂರು ಚದರಡಿ, ಮೇಸ್ತ್ರಿಗೆ ಅದು ಬಿಟ್ಟು ಬೇರೆ ಲೆಕ್ಕ ಬೇಡ. ಟೀವಿ ಇಂಚಿನಲ್ಲಿ, ಅದೂ ಮೂಲೆಯಿಂದ ಮೂಲೆಗೆ ಓರೆಯಾಗಿ. ಇನ್ನು ಪ್ಲೈವುಡ್ ಅಂಗಡಿಗೆ ಹೋಗಿ ನೋಡಿ. ಹಲಗೆ ಎಂಟು ನಾಲ್ಕು ಅಡಿ, ದಪ್ಪ 18 ಎಂಎಂ! ಒಂದೇ ಹಲಗೆ, ಮಲಗಿದ್ದಾಗ ಇಂಗ್ಲೆಂಡು, ಪಕ್ಕದಿಂದ ನೋಡಿದರೆ ಫ್ರಾನ್ಸು. ಅಡಿ ಇಂಗ್ಲಿಷರದ್ದು, ಎಂಎಂ ಫ್ರೆಂಚರ ಮೆಟ್ರಿಕ್ಕು. ಆ ಮೆಟ್ರಿಕ್ ಅಳತೆಗೆ ನಮ್ಮ ದೇಶದಲ್ಲಿ ಕಾನೂನು ಆಗಿದ್ದು 1956ರಲ್ಲಿ. ಬಡಗಿಗೆ ಇನ್ನೂ ಯಾರೂ ಹೇಳಿಲ್ಲ ಅನ್ಸುತ್ತೆ.

ಸಂಜೆ ಗಾಂಧಿಬಜಾರಿಗೆ ಹೋದೆವು. ಹೂವಿನಜ್ಜಿ ಮಲ್ಲಿಗೆ ದಂಡೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಹಿಡಿದು "ಒಂದು ಮೊಳ" ಅಂದಳು. ಮಗಳು ಬ್ಯಾಗಿನಿಂದ ಸ್ಕೇಲ್ ತೆಗೆದೇಬಿಟ್ಟಳು.

"ಅಜ್ಜಿ, ಮೊಳ ಅಂದ್ರೆ ಎಷ್ಟು ಸೆಂಟಿಮೀಟರ್?"

"ಕೈ ಎಷ್ಟಿದ್ಯೋ ಅಷ್ಟು ಕಣವ್ವ."

ಅಳೆದರೆ 39 ಬಂತು. ಗಿಡ್ಡ ಕೈಯ ಅಜ್ಜಿ. ನಮ್ಮ ಮುಖ ನೋಡಿ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿಸಿಕೊಟ್ಟಳು. ಈ ಕೊಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಕೊನೆಯ ಪ್ರಶ್ನೆ: ಮನೆಯಿಂದ ಶಾಲೆಗೆ ಎಷ್ಟು ದೂರ? ಮಗಳು ಯೋಚನೆಯೇ ಮಾಡದೆ ಬರೆದಳು: 'ನಲವತ್ತು ನಿಮಿಷ. ಮಳೆ ಬಂದರೆ ಒಂದೂವರೆ ಗಂಟೆ.'

ಮಾರನೇ ದಿನ ಅದಕ್ಕೆ ಕೆಂಪು ಇಂಟು. ನನಗೆ ಸಿಟ್ಟು ಬಂತು. ಸುಮ್ನೆ ಅಲ್ಲ, ವಿಜ್ಞಾನ ನಮ್ಮ ಕಡೆಗಿದೆ. 1983ರಿಂದ ಮೀಟರಿಗೆ ಕೊಟ್ಟಿರುವ ಅರ್ಥವೇ ಹೀಗೆ: ಒಂದು ಸೆಕೆಂಡಿನ 29,97,92,458ನೇ ಒಂದು ಪಾಲಿನಲ್ಲಿ ಬೆಳಕು ನಿರ್ವಾತದಲ್ಲಿ ಸಾಗುವ ದೂರ. ಅಂದರೆ ಉದ್ದವನ್ನು ಅವರೂ ಗಡಿಯಾರದಲ್ಲೇ ಅಳೆಯೋದು! 'ಏರ್‌ಪೋರ್ಟಿಗೆ ಕೇವಲ 20 ನಿಮಿಷ' ಅಂತ ಬೋರ್ಡ್ ಹಾಕಿ ಸೈಟು ಮಾರುವವರು ಬಹುಶಃ ಇದನ್ನೇ ಓದಿಕೊಂಡಿರಬೇಕು. ಬೆಳಕಿನ ವೇಗದಲ್ಲಿ ಹೋದರೆ ಖಂಡಿತ ತಲುಪಬಹುದು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಳಕು ಕೂಡ ಸ್ವಲ್ಪ ನಿಧಾನ ಆಗಬಹುದು ಅಷ್ಟೇ.

ಇದನ್ನೆಲ್ಲ ಟೀಚರಿಗೆ ವಿವರಿಸೋಣ ಅಂತ ಬೆಳಿಗ್ಗೆ ಎಂಟಕ್ಕೇ ಶಾಲೆಗೆ ಹೋಗಿ ಕೂತೆ. ಎಂಟೂವರೆ ಆಯ್ತು. ಮೇಡಂ ಇಲ್ಲ. ಆಯಾ ಫೋನ್ ಮಾಡಿ ಕೇಳಿ, ಬಂದು ಹೇಳಿದರು:

"ಸಿಲ್ಕ್ ಬೋರ್ಡ್ ಹತ್ರ ಇದ್ದಾರಂತೆ ಸಾರ್. ಇನ್ನೂ ಅರ್ಧ ಗಂಟೆ ದೂರ."